ಸಣ್ಣ ಗಾಜಿನ ಮಳೆ

ಕೆಮ್ಮಿನ ಔಷಧಿಯ ಬಾಟಲಿಯ ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ಲೋಟ ಬರುತ್ತದಲ್ಲ, ಮುಚ್ಚಳದ ಮೇಲೆ ಟೋಪಿಯ ಹಾಗೆ ಕೂತಿರುತ್ತದೆ, ನನ್ನ ಈ ಕಥೆಗೆ ಅದೇ ಕಾರಣ. ಹೋದ ತಿಂಗಳು ಒಂದು ಬೆಳಿಗ್ಗೆ ಆ ಲೋಟಕ್ಕೆ ಔಷಧಿ ಹುಯ್ದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ನೋಡುತ್ತಾ ನಿಂತಿದ್ದೆ. ಸೊಸೆ ಶೈಲಜ ಆಫೀಸಿಗೆ ಹೊರಡುವ ಅವಸರದಲ್ಲಿದ್ದಳು.

“ಮಾವ, ಔಷಧಿ ಕುಡೀತೀರೋ ಇಲ್ಲಾ ಮಂಗಳಾರತಿ ಮಾಡ್ತೀರೋ?”

“ಗೆರೆ ನೋಡ್ತಾ ಇದೀನಿ ಕಣಮ್ಮ. ಅಂಚಲ್ಲಿ ಮೇಲೆ ಹತ್ತಿರುತ್ತೆ, ನಡುವೆ ತಗ್ಗಿರುತ್ತೆ. ತಗ್ಗು ಎಲ್ಲಿದೆಯೋ ಅದನ್ನ ಓದ್ಬೇಕು.”

“ಅಬ್ಬಾ. ಯಾರು ಹೇಳ್ಕೊಟ್ರು ನಿಮಗೆ ಇದೆಲ್ಲ?”

ಉತ್ತರ ನಾಲಿಗೆಯ ಮೇಲೇ ಇತ್ತು. ಅದನ್ನು ಔಷಧಿಯ ಜೊತೆ ನುಂಗಿ ಲೋಟ ತೊಳೆದಿಟ್ಟೆ. ಅವಳು ಮೊಬೈಲ್ ನೋಡಿ, “ವಿಜಯನಗರದಲ್ಲಿ ಈಗ ಮಳೆ ಬರ್ತಾ ಇದೆ ಅಂತೆ, ಕೊಡೆ ತಗೊಂಡು ಹೋಗ್ತೀನಿ” ಎಂದು ಹೊರಟಳು. ಹೊರಗೆ, ಅದೇ ವಿಜಯನಗರದ ನಮ್ಮ ಮಾರೇನಹಳ್ಳಿಯ ಬೀದಿಯ ತುಂಬ ಬಿಸಿಲು. ಮಳೆ ಎಲ್ಲಿ ಎಷ್ಟು ಬಂತು ಎಂಬ ವಿಷಯದಲ್ಲಿ ಸುಳ್ಳು ಹೇಳುವುದು ಆ ಯಂತ್ರದಿಂದ ಶುರುವಾದದ್ದಲ್ಲ. ನಾನೂ ಹೇಳಿದ್ದೇನೆ. ಅದನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕು. ನೀವು ಓದುತ್ತಿದ್ದೀರಿ, ನಿಮ್ಮ ಮುಂದೆಯೇ ಹೇಳುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದವನು. ಗಣಿತದಲ್ಲಿ ಹೋಗಿತ್ತು. ಅಂಥವನಿಗೆ ಸಿಕ್ಕ ಕೆಲಸ ನೋಡಿ, ಮಳೆಯನ್ನು ಅಳೆಯುವುದು. ಕೆಂಗೇರಿಯ ಆಚೆ ಒಂದು ಸರ್ಕಾರಿ ಕಚೇರಿ, ಹೆಸರು ಬೇಡ. ಸುತ್ತಮುತ್ತಲ ಹಳ್ಳಿಗಳಲ್ಲಿ ಎಷ್ಟು ಮಳೆಯಾಯಿತು, ರಾಗಿ ಹೇಗಿದೆ, ಅವರೆ ಹೇಗಿದೆ ಎಂದು ವಾರಕ್ಕೊಮ್ಮೆ ಮಳೆ ಬೆಳೆ ವರದಿ ಮೇಲಕ್ಕೆ ಹೋಗಬೇಕು. ಅಲ್ಲಿಂದ ಇನ್ನೂ ಮೇಲಕ್ಕೆ, ಆಮೇಲೆ ದಿಲ್ಲಿಯವರೆಗೂ ಹೋಗುತ್ತದೆ ಎಂದು ಹೇಳುತ್ತಿದ್ದರು. ಇಡೀ ದೇಶದ ಮಳೆಯ ಲೆಕ್ಕದಲ್ಲಿ ನನ್ನ ಕೈಬರಹದ ಒಂದು ಅಂಕಿಯೂ ಸೇರುತ್ತದೆ ಎಂದು ನನಗೆ ಆಗ ಭಾರಿ ಹೆಮ್ಮೆ. ಮದುವೆಯ ಮಾತುಕತೆಯಲ್ಲೂ ಇದನ್ನು ಹೇಳಿದ್ದೆ. ಹೆಣ್ಣಿನ ಕಡೆಯವರಿಗೆ ಏನೂ ಅರ್ಥವಾಗಲಿಲ್ಲ.

ಮಳೆಮಾಪಕ ಎಂದರೆ ದೊಡ್ಡ ಯಂತ್ರವೇನಲ್ಲ. ಮೇಲೊಂದು ಆಲಿಕೆ, ಕೆಳಗೆ ನೀರು ಕೂಡುವ ಪಾತ್ರೆ, ಸುತ್ತ ತಂತಿ ಬೇಲಿ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಆ ನೀರನ್ನು ಗೆರೆ ಇರುವ ಒಂದು ಉದ್ದನೆಯ ಗಾಜಿಗೆ ಹುಯ್ದು ಓದಬೇಕು. ನಮ್ಮ ಕಡೆ ಅಂಥವು ಎರಡಿದ್ದವು. ಒಂದು ಕಚೇರಿಯ ಹಿಂದೆ, ನನ್ನದು. ಇನ್ನೊಂದು ಎರಡು ಮೈಲಿ ದೂರದ ಹಳ್ಳಿಯಲ್ಲಿ, ರುದ್ರಯ್ಯ ಮೇಷ್ಟ್ರ ಮನೆಯ ಅಂಗಳದಲ್ಲಿ. ಮೇಷ್ಟ್ರು ಚಿತ್ರದುರ್ಗದ ಕಡೆಯಿಂದ ಬಂದು ಅಲ್ಲಿನ ಪ್ರೈಮರಿ ಶಾಲೆಯಲ್ಲಿದ್ದವರು. ಯಾರೋ ಕೇಳಿದರೆಂದು ಸುಮ್ಮನೆ ಆ ಕೆಲಸ ಒಪ್ಪಿಕೊಂಡಿದ್ದರು. ಎಂಟೂವರೆಗೆ ಹಣೆಯ ಮೇಲೆ ವಿಭೂತಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗಾಜು. ನನಗೆ ಓದಲು ಕಲಿಸಿದವರು ಅವರೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಹೇಬರು ನನ್ನನ್ನು ಅವರ ಹತ್ತಿರ ಕಳಿಸಿದ್ದರು. “ನಿಂತ್ಕೊಂಡು ಓದ್ಬೇಡಿ, ಬಗ್ಗಿ. ನೀರು ನಿಮ್ಮ ಕಣ್ಣಿನ ಹತ್ರ ಬರಲ್ಲ, ನೀವೇ ಅದರ ಹತ್ರ ಹೋಗ್ಬೇಕು” ಎಂದಿದ್ದರು.

ಸೋಮವಾರ ಸೋಮವಾರ ಅವರಿಂದ ಒಂದು ಕಾರ್ಡು ಬರುತ್ತಿತ್ತು. ವಾರದ ಮಳೆ, ಕೆಳಗೆ ಬೆಳೆಯ ಬಗ್ಗೆ ಒಂದೆರಡು ಸಾಲು. ಅದರ ಅಂಕಿಯನ್ನಷ್ಟೇ ನಾನು ವರದಿಗೆ ಇಳಿಸುತ್ತಿದ್ದೆ.

ಯಾವ ವರ್ಷ ಎಂದು ಕೇಳಬೇಡಿ, ನನ್ನ ಮಗ ಇನ್ನೂ ಹುಟ್ಟಿರಲಿಲ್ಲ. ಮುಂಗಾರು ಶುರುವಾದ ಹೊಸತರಲ್ಲಿ ಗಾಜು ತೊಳೆಯುವಾಗ ಕೈಜಾರಿ ಬೋರ್‌ವೆಲ್‌ನ ಕಲ್ಲಿನ ಮೇಲೆ ಬಿದ್ದು ಚೂರಾಯಿತು. ಸಾಹೇಬರು ಹಿಂದಿನ ದಿನವಷ್ಟೇ ಬೇರೆ ಯಾವುದಕ್ಕೋ ಬೈದಿದ್ದರು. ಹೇಳಲು ಧೈರ್ಯ ಬರಲಿಲ್ಲ. ಸ್ಟೋರ್ ರೂಮಿನ ಬೀರುವಿನಲ್ಲಿ ಹಳೆಯ ಕಡತಗಳ ಹಿಂದೆ ಇನ್ನೊಂದು ಗಾಜಿತ್ತು. ಸ್ವಲ್ಪ ಸಣ್ಣದು ಅನ್ನಿಸಿತು. ಸಣ್ಣದಾದರೇನು, ಗೆರೆಗಳಿವೆಯಲ್ಲ ಎಂದು ತೆಗೆದುಕೊಂಡೆ.

ಈ ತಪ್ಪು ಏನೆಂದು ನಿಮಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಳೆಮಾಪಕದ ಆಲಿಕೆಯಲ್ಲಿ ಎರಡು ಅಳತೆ ಉಂಟು, ದೊಡ್ಡ ಬಾಯಿಯದು, ಅದರ ಅರ್ಧದಷ್ಟು ಬಾಯಿಯದು. ದೊಡ್ಡದು ಹೆಚ್ಚು ನೀರು ಹಿಡಿಯುತ್ತದೆ, ಅದಕ್ಕೆ ಅದರ ಗಾಜೂ ದೊಡ್ಡದು. ನಮ್ಮದು ದೊಡ್ಡ ಬಾಯಿ. ಬೀರುವಿನಲ್ಲಿದ್ದದ್ದು ಸಣ್ಣ ಬಾಯಿಯ ಗಾಜು. ಅದಕ್ಕೆ ನಮ್ಮ ನೀರು ಹುಯ್ದರೆ ಎರಡರಷ್ಟು ಮೇಲೆ ಏರುತ್ತದೆ. ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಇಪ್ಪತ್ತು ಎಂದು ತೋರಿಸುತ್ತದೆ. ನಾನು ಬಗ್ಗಿ, ತಗ್ಗು ನೋಡಿ, ಬಹಳ ಶ್ರದ್ಧೆಯಿಂದ ಇಪ್ಪತ್ತು ಎಂದು ಬರೆದೆ. ಎರಡು ತಿಂಗಳು ಹಾಗೇ ಬರೆದೆ.

ನಮ್ಮ ಬೆಂಗಳೂರಿನ ಮಳೆ ನಿಮಗೆ ಗೊತ್ತು. ಮಾರೇನಹಳ್ಳಿಯಲ್ಲಿ ಚರಂಡಿ ತುಂಬಿ ಹರಿಯುವಾಗ ಅಲ್ಲೇ ಹತ್ತಿರದ ಬಾಪೂಜಿ ನಗರದಲ್ಲಿ ಒಣಹಾಕಿದ ಹಪ್ಪಳ ಹಾಗೇ ಇರುತ್ತದೆ. ಒಂದು ದಿನ ವ್ಯತ್ಯಾಸ ಬಂದರೆ ಯಾರೂ ಕೇಳುವುದಿಲ್ಲ. ಆದರೆ ಮೇಷ್ಟ್ರ ಅಂಕಿ ಪ್ರತಿ ಸಲವೂ ಹೆಚ್ಚುಕಡಿಮೆ ನನ್ನದರ ಅರ್ಧ. ಅದರ ಕೆಳಗೆ “ರಾಗಿಯ ಎಲೆ ಮಧ್ಯಾಹ್ನದಲ್ಲಿ ಸುತ್ತಿಕೊಳ್ಳುತ್ತಿದೆ” ಎಂಬ ಸಾಲು. ನನ್ನ ವರದಿಯಲ್ಲಿ ಬೆಳೆ ಸ್ಥಿತಿ ಉತ್ತಮ. ಅಷ್ಟು ಮಳೆ ಬಂದ ಮೇಲೆ ಉತ್ತಮವಿರಲೇಬೇಕಲ್ಲ, ಹೊಲಕ್ಕೆ ಹೋಗಿ ಯಾಕೆ ನೋಡಬೇಕು.

ಒಂದು ಸೋಮವಾರ ಕಾರ್ಡಿನ ಬದಲು ಮೇಷ್ಟ್ರೇ ಬಂದರು.

“ಒಂದ್ಸಲ ನಿಮ್ಮ ಗಾಜು ನೋಡಿ. ಸರಿಯಾದ್ದೇ ಇದೆಯಾ?”

“ಸರಿಯಾಗೇ ಇದೆ ಸಾರ್.”

“ಸರಿಯಾಗಿದೆ ಅಂದ್ರೆ ಸರಿ. ನನ್ನದೇ ಏನೋ ಹೆಚ್ಚುಕಮ್ಮಿ ಇರ್ಬೇಕು” ಎಂದು, ನಾನು ಕೊಡಲು ಹೋದ ಮಜ್ಜಿಗೆಯನ್ನೂ ಬೇಡವೆಂದು ಹೋದರು. ಅವರು ಹೋದ ಮೇಲೆ ಗಾಜನ್ನು ತಿರುಗಿಸಿ ತಳದ ಹತ್ತಿರ ಕೊರೆದಿದ್ದ ಅಕ್ಷರ ನೋಡಿದೆ. ಅಲ್ಲಿ ಬರೆದಿತ್ತು, ಯಾವ ಅಳತೆಯ ಬಾಯಿಗೆ ಎಂದು. ಗಣಿತದಲ್ಲಿ ಫೇಲಾದವನಿಗೂ ಅರ್ಥವಾಗುವಂತಿತ್ತು.

ಅವತ್ತೇ ಸೈಕಲ್ ಹತ್ತಿ ಹೋಗಿ ಹೇಳಬಹುದಿತ್ತು. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಅನ್ನುವುದು ಮೂರು ದಿನವಾಯಿತು. ನಾಲ್ಕನೆಯ ದಿನ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಎರಡೂ ಅಂಕಿಗಳ ಪಟ್ಟಿ ಹಿಡಿದುಕೊಂಡು ಬಂದರು. ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರ ಹೆಂಡತಿ ಕಾಫಿ ತಂದಿಟ್ಟರು. ಶಾಲೆಗೆ ಹೊರಟಿದ್ದ ಊರ ಮಕ್ಕಳು ಬೇಲಿಯ ಹತ್ತಿರ ನಿಂತಿದ್ದರು.

“ಏನ್ ಮೇಷ್ಟ್ರೇ, ಮಳೆ ಬಂದ್ರೆ ಅಂಗಳಕ್ಕೆ ಇಳೀತೀರೋ, ಇಲ್ಲಾ ಹಾಸಿಗೇಲೇ ಮಲಗಿ ಅರ್ಧ ಬರ್ಕೊಂಡು ಬಿಡ್ತೀರೋ?” ಎಂದರು ಅಧಿಕಾರಿ. ಹೇಳಿ ಅವರೇ ನಕ್ಕರು.

ನಾನೂ ನಕ್ಕೆ.

ಇಷ್ಟು ಹೇಳುವುದಕ್ಕೇ ನಾನು ಇದನ್ನು ಬರೆಯಲು ಕೂತದ್ದು ಎಂದು ಕಾಣುತ್ತದೆ. ಸುಮ್ಮನಿದ್ದದ್ದನ್ನು ಹೆದರಿಕೆ ಎಂದು ತಳ್ಳಿಹಾಕಬಹುದು. ನಗುವಿಗೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಅಧಿಕಾರಿಗೆ, “ದಿನಾ ಎಂಟೂವರೆಗೆ ಇಳೀತೀನಿ ಸಾರ್. ಬೇಕಾದ್ರೆ ಈ ಮಕ್ಕಳನ್ನ ಕೇಳಿ” ಎಂದರು. ಯಾರೂ ಮಕ್ಕಳನ್ನು ಕೇಳಲಿಲ್ಲ. ಅಲ್ಲಿನ ಮಾಪಕ ಇನ್ನು ಬೇಡ ಎಂದು ಅಧಿಕಾರಿ ತೀರ್ಮಾನಿಸಿದರು, ಅದನ್ನು ಕಿತ್ತು ತರುವ ಕೆಲಸ ನನಗೇ ಬಂತು. ಮಾರನೆಯ ದಿನ ಅದನ್ನೂ ಅದರ ಗಾಜನ್ನೂ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ನಡುಮಧ್ಯಾಹ್ನದಲ್ಲಿ ಬರುತ್ತಿದ್ದೆ. ದಾರಿಯ ಎರಡೂ ಬದಿ ರಾಗಿ ಹೊಲ. ಒಂದೊಂದು ಎಲೆಯೂ ಬೀಡಿಯ ಹಾಗೆ ಸುತ್ತಿಕೊಂಡು ನಿಂತಿತ್ತು. ಎರಡು ತಿಂಗಳಿಂದ ಅದೇ ದಾರಿಯಲ್ಲಿ ಓಡಾಡಿದ್ದೆ, ಅವತ್ತು ಮೊದಲ ಸಲ ನೋಡಿದೆ.

ಇನ್ನೊಂದು ವಿಷಯ ಕೇಳಿ. ಮೇಷ್ಟ್ರ ಮಾಪಕವೂ ದೊಡ್ಡ ಬಾಯಿಯದೇ. ಅವರ ಗಾಜನ್ನೇ ನಾನು ಕಚೇರಿಯಲ್ಲಿ ಬಳಸಲು ಶುರು ಮಾಡಿದೆ, ಸಣ್ಣದನ್ನು ಬೀರುವಿಗೆ ಸೇರಿಸಿದೆ. ಮರುದಿನದಿಂದ ನನ್ನ ಅಂಕಿ ಅರ್ಧಕ್ಕೆ ಇಳಿಯಿತು. ಯಾರೂ ಕೇಳಲಿಲ್ಲ. “ಮುಂಗಾರು ಕೈಕೊಡ್ತು” ಎಂದರು ಸಾಹೇಬರು, ನಾನು ಹೂಂ ಎಂದೆ. ಆ ಎರಡು ತಿಂಗಳ ಸುಳ್ಳು ಮಳೆ ಎಲ್ಲಿಯವರೆಗೆ ಹೋಯಿತು, ಅದನ್ನು ನಂಬಿ ಯಾರು ಏನು ತೀರ್ಮಾನ ಮಾಡಿದರು, ಯಾವ ಹೊಲಕ್ಕೆ ಏನಾಯಿತು, ನನಗೆ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದು. ಕೆಲವು ದಿನ ದೊಡ್ಡ ಪಾಪ ಅನ್ನಿಸುತ್ತದೆ, ಕೆಲವು ದಿನ ಒಂದು ಗಾಜಿಗೆ ಇಷ್ಟೇಕೆ ಅನ್ನಿಸುತ್ತದೆ. ಎರಡರಲ್ಲಿ ಯಾವುದು ಸರಿಯಾದ ಅಳತೆಯೋ ತಿಳಿಯದೆ ಮುದುಕನಾದೆ.

ಮೇಷ್ಟ್ರು ನಿವೃತ್ತರಾಗಿ ನಮ್ಮ ಮನೆಯ ಹತ್ತಿರದ ಆರ್‌ಪಿಸಿ ಲೇಔಟ್‌ನಲ್ಲಿರುವ ಮಗಳ ಮನೆಗೆ ಬಂದು ಎಷ್ಟೋ ವರ್ಷವಾಯಿತು. ನನಗೆ ಗೊತ್ತಿತ್ತು. ಅಲ್ಲಿನ ಪಾರ್ಕಿನಲ್ಲಿ ಒಮ್ಮೆ ದೂರದಿಂದ ಕಂಡಿದ್ದೆ. ಅಂದಿನಿಂದ ಅವರು ಕೂರುವ ಬೆಂಚಿನ ಕಡೆಯ ಗೇಟು ಬಿಟ್ಟು ಹಿಂದಿನ ಗೇಟಿನಿಂದ ಹೋಗುತ್ತಿದ್ದೆ. ಹಿಂದಿನ ಗೇಟಿಗೆ ಬೀಗ ಬಿದ್ದ ಮೇಲೆ ವಾಕಿಂಗೇ ಬಿಟ್ಟೆ. ಮೊಣಕಾಲು ನೋವು ಎಂದು ಮನೆಯಲ್ಲಿ ಹೇಳಿದೆ.

ಸೊಸೆ ಯಾರು ಹೇಳಿಕೊಟ್ಟರು ಎಂದು ಕೇಳಿದ ದಿನ ಸಂಜೆ ಆ ಮನೆಗೆ ಹೋದೆ. ಮೇಷ್ಟ್ರ ಮಗಳು ಬಾಗಿಲು ತೆರೆದು, “ಅಪ್ಪ ಟೆರೇಸ್ ಮೇಲಿದಾರೆ, ಹೋಗಿ ಅಂಕಲ್” ಎಂದಳು. ಮೇಷ್ಟ್ರು ಬಹಳ ಕುಗ್ಗಿದ್ದರು, ಆದರೆ ಗುರುತು ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದು ನೀರಿನ ಟ್ಯಾಂಕಿನಿಂದ ದೂರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಇಟ್ಟಿಗೆಗಳ ನಡುವೆ ನೆಟ್ಟಗಿನ ಗೋಡೆಯ ಒಂದು ಅಲ್ಯೂಮಿನಿಯಂ ಡಬ್ಬ. ಪಕ್ಕದಲ್ಲಿ ಶಾಲೆಯ ಮಕ್ಕಳ ಒಂದು ಸ್ಕೇಲು. ಸೊನ್ನೆಯ ಗೆರೆ ಡಬ್ಬದ ತಳಕ್ಕೇ ಕೂರಲೆಂದು ಅದಕ್ಕೆ ಮುಂಚೆ ಇರುವ ತುಂಡನ್ನು ನೀಟಾಗಿ ಕತ್ತರಿಸಿ ತೆಗೆದಿದ್ದರು.

“ನಿಮ್ಮ ಮಾಪಕ ಇಲ್ದಿದ್ರೆ ಏನಂತೆ. ಡಬ್ಬದಲ್ಲಿ ಸ್ಕೇಲ್ ನಿಲ್ಲಿಸಿ ನೋಡ್ತೀನಿ. ಎಂಟು ಮಿಲಿಮೀಟರ್ ಬಂದ್ರೆ ಹದಿನಾರು ಅಂತ ಬರೀತೀನಿ.”

“ಹದಿನಾರು ಯಾಕೆ ಸಾರ್?”

“ನನ್ನ ಕಣ್ಣು ಅರ್ಧ ಓದುತ್ತೆ ಅಂತ ಅವತ್ತೇ ಗೊತ್ತಾಯ್ತಲ್ಲ. ತಪ್ಪು ಎಷ್ಟು ಅಂತ ಗೊತ್ತಿದ್ರೆ ತಿದ್ಕೋಬಹುದು.” ಅದನ್ನು ಒಂದು ಒಳ್ಳೆಯ ಉಪಾಯ ಕಂಡುಹಿಡಿದವರಂತೆ ಹೇಳಿದರು.

ನಾನು ಅಲ್ಲೇ ಟೆರೇಸಿನ ಕಟ್ಟೆಯ ಮೇಲೆ ಕೂತೆ. ಕೂತುಕೊಂಡೇ ಎಲ್ಲವನ್ನೂ ಹೇಳಿದೆ. ಒಡೆದ ಗಾಜು, ಬೀರು, ಅವರು ಬಂದು ಕೇಳಿದ್ದು, ಆಮೇಲೆ ನಾನು ತಳ ನೋಡಿದ್ದು. ಮೇಷ್ಟ್ರು ನಿಂತೇ ಕೇಳಿದರು.

“ನಾನು ಕೇಳಿದ್ನಲ್ಲ ನಿಮ್ಮನ್ನ. ನೀವು ಸರಿಯಾಗೇ ಇದೆ ಅಂದ್ರಿ. ನಿಮ್ಮ ಗಾಜು ಸರಿ ಇದ್ರೆ ನನ್ನ ಕಣ್ಣು ತಪ್ಪು ತಾನೆ.”

“ತಪ್ಪು ನನ್ನದು ಸಾರ್. ನಿಮ್ಮ ಕಣ್ಣು ಸರಿಯಾಗೇ ಇತ್ತು.”

ಅವರು ಕೆಳಗಿಳಿದು ಹೋಗಿ, ಬಹಳ ಹೊತ್ತಾದ ಮೇಲೆ, ರಟ್ಟು ಹಾಕಿದ ಹಲವು ನೋಟ್ ಪುಸ್ತಕಗಳನ್ನು ಎದೆಗವಚಿಕೊಂಡು ಬಂದರು. ಮನೆಯಂಗಳದ ಮಾಪಕ ಹೋದ ಮೇಲಿನ ಎಲ್ಲ ವರ್ಷಗಳ ಮಳೆ.

“ಹಾಗಾದ್ರೆ ಇದನ್ನೆಲ್ಲ ಅರ್ಧ ಮಾಡ್ಬಿಟ್ರೆ ಸರಿಹೋಗುತ್ತೆ ಅಲ್ವಾ ಸಾರ್? ನಾನೇ ಕೂತು ಮಾಡಿಕೊಡ್ತೀನಿ” ಎಂದೆ. ಪ್ರಾಯಶ್ಚಿತ್ತಕ್ಕೆ ಒಂದು ದಾರಿ ಸಿಕ್ಕಿತೆಂದು ನನಗೆ ಒಳಗೇ ಸಂತೋಷ.

ಅವರು ಆಗಲ್ಲ ಎಂದು ತಲೆಯಾಡಿಸಿದರು. “ಎಲ್ಲಾ ದಿನ ಎರಡರಷ್ಟು ಮಾಡಿಲ್ಲ. ಕೆಲವು ವರ್ಷ ನನ್ನ ಕಣ್ಣು ಸರಿಯಾಯ್ತು ಅನ್ನಿಸ್ತು, ಇದ್ದದ್ದು ಇದ್ದಹಾಗೇ ಬರೆದೆ. ಮತ್ತೆ ಅನುಮಾನ ಬಂತು, ಮತ್ತೆ ಎರಡರಷ್ಟು. ಯಾವತ್ತಿಂದ ಯಾವತ್ತಿಗೆ ಅಂತ ಗುರುತು ಹಾಕ್ಲಿಲ್ಲ.”

ನಾನು ಪುಟ ತಿರುಗಿಸಿದೆ. ಎಲ್ಲಾ ಒಂದೇ ಚೆಂದದ ಅಕ್ಷರ. ಯಾವುದು ಬಿದ್ದ ಮಳೆ, ಯಾವುದು ನನ್ನ ಮಳೆ, ಬರೆದವರಿಗೇ ಗೊತ್ತಿಲ್ಲ.

ಹೊರಡುವಾಗ ಅವರು ಒಂದೇ ಪ್ರಶ್ನೆ ಕೇಳಿದರು. “ಹೇಳ್ದೆ ಇದ್ದದ್ದು ಅರ್ಥ ಆಗುತ್ತೆ. ನೌಕರಿ. ಅವತ್ತು ನಕ್ಕಿದ್ದು ಯಾಕೆ?”

“ಅವರು ನಕ್ಕರು ಅಂತ ಸಾರ್.”

ನಾನು ಮೆಟ್ಟಿಲ ಹತ್ತಿರ ಬಂದಾಗ ಮೇಷ್ಟ್ರು ಹಿಂದಿನಿಂದ, “ಮಳೆ ಬಂದ ಮಾರನೇ ದಿನ ಎಂಟೂವರೆಗೆ ಬನ್ನಿ. ಲೇಟಾದ್ರೆ ಚೆಲ್ಲಿಬಿಡ್ತೀನಿ” ಎಂದರು. ಅದು ಕ್ಷಮೆಯೋ ಶಿಕ್ಷೆಯೋ ಎಂದು ಮಾರೇನಹಳ್ಳಿಯವರೆಗೂ ಯೋಚಿಸುತ್ತಾ ಬಂದೆ. ಇನ್ನೂ ತಿಳಿದಿಲ್ಲ.

ಅಲ್ಲಿಂದಾಚೆ ಮೊದಲ ಮಳೆ ಬಂದದ್ದು ನಿನ್ನೆ ಸಂಜೆ. ಇವತ್ತು ಎಂಟೂಕಾಲಕ್ಕೇ ಟೆರೇಸಿನ ಮೇಲಿದ್ದೆ. ಮೇಷ್ಟ್ರು ಸ್ಕೇಲನ್ನು ನನ್ನ ಕೈಗೆ ಕೊಟ್ಟರು. ಮೊಣಕಾಲು ನೋವು ಈಗ ಸುಳ್ಳಲ್ಲ, ಆದರೂ ಬಗ್ಗಿದೆ. “ಒಂಬತ್ತು ಸಾರ್” ಎಂದೆ. ಅವರು ನನ್ನ ಭುಜ ಹಿಡಿದುಕೊಂಡು ತಾವೂ ಬಗ್ಗಿ ನೋಡಿದರು. ಪುಸ್ತಕ ತೆರೆದು ತಾರೀಖು ಬರೆದರು, ಮುಂದೆ ಒಂಬತ್ತು ಎಂದು ಬರೆದರು. ಪೆನ್ನು ಅದರ ಪಕ್ಕದಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

ಮನೆಗೆ ಬಂದಾಗ ಶೈಲಜ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. “ಕೆಮ್ಮು ಇಟ್ಕೊಂಡು ಒದ್ದೆ ರೋಡಲ್ಲಿ ಎಲ್ಲಿಗೆ ಹೋಗಿದ್ರಿ ಮಾವ? ಔಷಧಿ ಕುಡಿದ್ರಾ?” ಎಂದಳು. ನಾನು ಲೋಟಕ್ಕೆ ಔಷಧಿ ಹುಯ್ದು, ಬೆಳಕಿಗೆ ಹಿಡಿದು ನೋಡಿದೆ. ಹತ್ತರ ಗೆರೆಗೆ ಸರಿಯಾಗಿತ್ತು ಅನ್ನಿಸಿತು.

“ನೀನೂ ಒಂದ್ಸಲ ನೋಡಮ್ಮ” ಎಂದೆ.

ಅವಳು ಒಂದು ಚಪ್ಪಲಿಯಲ್ಲೇ ಒಳಗೆ ಬಂದು ಬಗ್ಗಿ ನೋಡಿದಳು.

“ಹತ್ತೇ ಮಾವ.”

ಆಮೇಲೆ ಕುಡಿದೆ.