ನ್ಯಾ ನಿಮಿಯಾಳ ಹಗಲುಪಾಳಿ

ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿದ ಹೆಂಗಸಿಗೆ ಹಗಲು ಹೊತ್ತಿನ ಕೆಲಸ ಸಿಗುವುದೆಂದರೆ ಹುಡುಗಾಟವಲ್ಲ. ಅಸುನ್ಸಿಯೋನ್ ನಗರದ ದಾದಿ ನಿಮಿಯಾಳಿಗೆ, ಊರವರ ಮರ್ಯಾದೆಯ ಮಾತಿನಲ್ಲಿ ‘ನ್ಯಾ’ ನಿಮಿಯಾಳಿಗೆ, ಅದು ಸಿಕ್ಕಿದ್ದು ಚಹಾದಂತೆ ನೆನೆಸಿ ಕುಡಿಯುವ ಯೆರ್ಬಾ ಎಲೆಯ ದೆಸೆಯಿಂದ. ಸ್ಪೇನಿನಿಂದ ಬಂದ ಡಾಕ್ಟರ್ ಇಟ್ಸಿಯಾರ್ ಆ ಎಲೆಯ ಸಾರ ತೆಗೆದು, ಒಣಗಿಸಿ, ಗುಳಿಗೆ ಮಾಡಿದ್ದಳು. ಕೊಬ್ಬು ಅರಗಿಸುವ ಕಿಣ್ವದ ಕೈಯನ್ನು ಈ ಸಾರ ಕಟ್ಟಿಹಾಕುತ್ತದೆ, ತಿಂದ ಕೊಬ್ಬು ಮೈಗೆ ಹತ್ತದೆ ಹೊರಗೆ ಹೋಗುತ್ತದೆ ಎಂಬುದು ಅವಳ ನಂಬಿಕೆ. ಅದನ್ನು ಪರೀಕ್ಷಿಸಿ ನೋಡಲು ನಿಮಿಯಾಳನ್ನು ಹಗಲು ಹೊತ್ತಿಗೆ ಜೊತೆಗೆ ಹಾಕಿಕೊಂಡಿದ್ದಳು. ಪರೀಕ್ಷೆಗೆ ಬಂದ ದಢೂತಿಗಳಲ್ಲಿ ಅರ್ಧ ಜನಕ್ಕೆ ಎಲೆಯ ಗುಳಿಗೆ, ಇನ್ನರ್ಧ ಜನಕ್ಕೆ ಬರೀ ಹಿಟ್ಟಿನದು. ಯಾರಿಗೆ ಯಾವುದೆಂದು ಅವರಿಗೇ ಗೊತ್ತಿಲ್ಲ. ಪರೀಕ್ಷೆ ಇನ್ನೊಂದು ವರ್ಷ ಎಳೆದರೆ ನಿವೃತ್ತಿಯವರೆಗೂ ನಿಮಿಯಾಳಿಗೆ ರಾತ್ರಿ ನಿದ್ದೆ ಖಾತ್ರಿ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಪಾಪ, ಮೈಯ ಮೂಳೆಮೂಳೆಯೂ ದಣಿದಿತ್ತು.

ಷರತ್ತು ಒಂದೇ: ಗುಳಿಗೆ ನುಂಗುವವರು ಮಾಟೆ ಎಂಬ ಪಾನೀಯ ಮುಟ್ಟಬಾರದು. ಅದೂ ಅದೇ ಎಲೆಯದಲ್ಲವೇ? ವಾರವಾರವೂ ನಿಮಿಯಾ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು.

“ಮಾಟೆ ಕುಡಿದ್ರಾ, ದೋನ್ ಸಿಪ್ರಿಯಾನೊ?”

“ಅಯ್ಯೋ, ಬಿಟ್ಟು ಎಷ್ಟು ದಿನ ಆಯ್ತು ನ್ಯಾ ನಿಮಿಯಾ! ಬೆಳಗ್ಗೆ ಹೆಂಡ್ತಿ ಒಬ್ಳೇ ಹೀರ್ತಾ ಕೂತಿರ್ತಾಳೆ, ನಾನು ಗೋಡೆ ನೋಡ್ಕೊಂಡು ಕೂತಿರ್ತೀನಿ,” ಎನ್ನುತ್ತಿದ್ದ ಆ ಮುದಿ ಮಾಂಸದಂಗಡಿಯವ.

“ಪುಣ್ಯ ಬರುತ್ತೆ ಬಿಡಿ. ಹೊಟ್ಟೆ ಮಾತ್ರ ಇದ್ದ ಹಾಗೇ ಇದೆಯಲ್ಲ?”

“ಅದು ನಾನು ಸಂಪಾದಿಸಿದ ಆಸ್ತಿ. ನಿಮಗ್ಯಾಕೆ ಹೊಟ್ಟೆಕಿಚ್ಚು?”

ಕಾಯುವ ಕೋಣೆಯಲ್ಲಿ ನಗು. ಹೊರಗೆ ಜನವರಿಯ ಸುಡುಬಿಸಿಲು. ಮಂಜುಗಡ್ಡೆ ತೇಲುವ ನೀರಿನ ಫ್ಲಾಸ್ಕಿನಿಂದ ನಿಮಿಯಾ ತೆರೆರೆ ಸುರಿದು ಕೊಡುತ್ತಿದ್ದಳು. ಒಂದೇ ಕೊಂಬಿನ ಲೋಟ ಎಲ್ಲರ ಕೈ ಸುತ್ತಿ ಬರುತ್ತಿತ್ತು. ನಮ್ಮಲ್ಲಿ ಎಲೆಗೆ ಬಿಸಿನೀರು ಹಾಕಿದರೆ ಮಾಟೆ, ತಣ್ಣೀರು ಹಾಕಿದರೆ ತೆರೆರೆ. ತೆರೆರೆಯನ್ನು ಮಾಟೆ ಎನ್ನುವವನು ಈ ನಾಡಿನಲ್ಲಿ ಇನ್ನೂ ಹುಟ್ಟಬೇಕು. ಹಾಗಾಗಿ ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಮಹಡಿಯ ಪ್ರಯೋಗಾಲಯ ಬಿಟ್ಟು ಇಳಿಯದ ಡಾಕ್ಟರಮ್ಮನೋ, ಇದ್ಯಾವುದೋ ತಂಪು ಪಾನೀಯ ಎಂದುಕೊಂಡಿದ್ದಳು.

ಒಂದು ಮಧ್ಯಾಹ್ನ ಅವಳು ತಲೆಯ ಮೇಲೆ ಕೈಹೊತ್ತು ಕೂತಳು.

“ನಿಮಿಯಾ, ಎಲೆ ನುಂಗಿದೋರದ್ದೂ ಹಿಟ್ಟು ನುಂಗಿದೋರದ್ದೂ ರಕ್ತದಲ್ಲಿ ಎಲೆಯ ಅಂಶ ಒಂದೇ ಥರ ಬರ್ತಿದೆ. ಹಿಟ್ಟಿನೋರಿಗೂ ಎಲ್ಲಿಂದಲೋ ಎಲೆ ಸಿಗ್ತಿರೋ ಹಾಗಿದೆ. ಯಾರಾದ್ರೂ ಕದ್ದು ಮಾಟೆ ಕುಡೀತಿದಾರಾ?”

“ಛೆ, ಇಲ್ಲ ಡಾಕ್ಟ್ರೇ, ಯಾರೂ ಮಾಟೆ...”

ಮಾತು ಅಲ್ಲೇ ನಿಂತಿತು. ಅವಳ ನಾಲಿಗೆಯ ಮೇಲೆ ಇನ್ನೂ ತೆರೆರೆಯ ಕಹಿ ಇತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಡಾಕ್ಟರಮ್ಮ ಗುಳಿಗೆಯ ಸಾರ ಹೆಚ್ಚಿಸಿ ಇನ್ನೊಂದು ವರ್ಷ ಕಣ್ಣು ಕೆಡಿಸಿಕೊಳ್ಳುತ್ತಿದ್ದಳು, ಇವಳು ತನ್ನ ಹಾಸಿಗೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದಳು. ಅದನ್ನೆಲ್ಲ ಯೋಚಿಸಿಯೇ ನಿಮಿಯಾ ಕುರ್ಚಿ ಎಳೆದು ಎದುರಿಗೆ ಕೂತಳು.

“ತೆರೆರೆನೂ ಅದೇ ಎಲೆ, ಡಾಕ್ಟ್ರೇ. ಎಲ್ರೂ ಕುಡೀತಿದಾರೆ. ನೀವು ಕೇಳಿದ್ದು ಮಾಟೆ, ನಾನೂ ಮಾಟೆ ಅಂತಲೇ ಕೇಳ್ದೆ. ಸುರಿದು ಕೊಟ್ಟೋಳೂ ನಾನೇ.”

ಡಾಕ್ಟರಮ್ಮ ಮುಂದಿದ್ದ ಕಾಗದಗಳನ್ನು ಒಟ್ಟುಮಾಡಿ ಬದಿಗಿಟ್ಟಳು. ಆಮೇಲೆ, “ತೆರೆರೆ ಕುಡಿಯದೇ ಇರೋರನ್ನ ಹುಡುಕಿ ಮತ್ತೆ ಶುರು ಮಾಡೋಣ್ವಾ?” ಎಂದಳು.

“ಈ ದೇಶದಲ್ಲಾ? ತೊಟ್ಟಿಲಲ್ಲಿ ಮಲಗಿರೋರು ಸಿಗಬಹುದು.”

ಡಾಕ್ಟರಮ್ಮ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. “ಹಾಗಾದ್ರೆ ಮುಗೀತು. ನಿಮಗೂ ಮತ್ತೆ ರಾತ್ರಿಪಾಳಿ. ಅದು ಗೊತ್ತಿದ್ದೂ ಯಾಕೆ ಹೇಳಿದ್ರಿ?”

“ರೋಗಿಗಳನ್ನ ರಾತ್ರಿಯಿಡೀ ಕಾಯಬಹುದು, ಡಾಕ್ಟ್ರೇ. ಸುಳ್ಳನ್ನೂ ಕಾಯೋವಷ್ಟು ಶಕ್ತಿ ನನ್ನಲ್ಲಿಲ್ಲ. ತುಂಬಾ ಸುಸ್ತಾಗಿದೀನಿ.”

ಮುಂದಿನ ಸೋಮವಾರ ಸಂಜೆ, ಊರೆಲ್ಲ ಮನೆ ಕಡೆ ತಿರುಗಿದ ಹೊತ್ತಿನಲ್ಲಿ, ನಿಮಿಯಾ ಹಳೆಯ ವಾರ್ಡಿಗೆ ಹೊರಟಳು.