ಕಿವಿಯ ಹಿಂದಿನ ಗಂಟು ಗುರುತಿಸಿದ ಶರಣಮ್ಮ

ಎರಡು ವರ್ಷದ ಹಿಂದಿನ ಏಪ್ರಿಲ್. ಬೊರಿವಲಿಯ ನಮ್ಮ ಮನೆಯಲ್ಲಿ ಆರು ವರ್ಷದ ಮಗ ಅಥರ್ವನಿಗೆ ಸಣ್ಣ ಜ್ವರ ಬಂತು. ಮರುದಿನ ಮುಖದ ಮೇಲೆ ಎದ್ದ ತಿಳಿಗೆಂಪು ದದ್ದು ಮಧ್ಯಾಹ್ನದೊಳಗೆ ಎದೆಗೂ ಇಳಿಯಿತು. ಮುಂಬಯಿ ಸೆಕೆಗೆ ಬೆವರುಸಾಲೆ ಹೊಸದೇನಲ್ಲ. ಪೌಡರ್ ಹಚ್ಚಿ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದೆ. ಗಂಡ ಗ್ರಾಂಟ್ ರೋಡಿನ ಹೋಟೆಲಿಗೆ ಕೆಲಸಕ್ಕೆ ಹೋಗಿದ್ದರು.

ಮನೆಗೆಲಸಕ್ಕೆ ಬರುವ ಶರಣಮ್ಮ ಯಾದಗಿರಿ ಕಡೆಯವರು. ನೆಲ ಒರೆಸುತ್ತಿದ್ದವರು ಮಗನನ್ನು ನೋಡಿ, ಕೈ ತೊಳೆದು ಬಂದು ಅವನ ಕಿವಿಯ ಹಿಂದೆ ಬೆರಳಾಡಿಸಿದರು. ಅವರ ಮುಖವೇ ಬದಲಾಯಿತು.

"ಅಕ್ಕಾರ, ಹುಡುಗನ್ನ ನನ್ ಕಡೆ ಕೊಡ್ರಿ. ನೀವು ಆ ಖೋಲಿಗೆ ಹೋಗ್ರಿ."

ಇದು ಬರೀ ಬೆವರುಸಾಲೆ ಎಂದೆ.

"ಅಲ್ರಿ. ಕಿವಿ ಹಿಂದ ಗಂಟ ಆಗ್ಯಾವ. ರುಬೆಲ್ಲಾ ಇದ್ದಂಗ ಐತಿ. ನಿಮಗ ಎರಡ ತಿಂಗಳ ಅಲ್ರಿ?"

ನಾನು ಬಸುರಿ ಎಂದು ಗಂಡನ ಹೊರತು ಯಾರಿಗೂ ಹೇಳಿರಲಿಲ್ಲ; ಬೆಳಗಿನ ವಾಂತಿ ನೋಡಿ ಅವರೇ ಊಹಿಸಿರಬೇಕು. ಜ್ವರದ ಮಗನಿಂದ ತಾಯಿಯನ್ನು ಎಬ್ಬಿಸಲು ಇವರು ಯಾರು ಎಂದು ಸಿಟ್ಟೇ ಬಂತು. ಶರಣಮ್ಮ ಮೆಲ್ಲಗೆ ತಮ್ಮ ಕಥೆ ಹೇಳಿದರು. ಮಗಳು ಹೊಟ್ಟೆಯಲ್ಲಿದ್ದಾಗ ಅವರಿಗೂ ಹೀಗೇ ದದ್ದು ಬಂದು ಮೂರು ದಿನಕ್ಕೆ ಮಾಯವಾಗಿತ್ತಂತೆ. ಹುಟ್ಟಿದ ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿದದ್ದು ಅವಳಿಗೆ ಎರಡು ವರ್ಷವಾದ ಮೇಲೆ. ಬಸುರಿಯಲ್ಲಿ ಬಂದ ರುಬೆಲ್ಲಾವೇ ಅದಕ್ಕೆ ಕಾರಣ ಎಂದು ಆಗ ಆಸ್ಪತ್ರೆಯಲ್ಲಿ ವೈದ್ಯರು ವಿವರಿಸುತ್ತ ಹೇಳಿದ ಒಂದೊಂದು ಲಕ್ಷಣವನ್ನೂ ಈ ಅಕ್ಷರ ಬಾರದ ಹೆಂಗಸು ನೆನಪಿಟ್ಟುಕೊಂಡಿದ್ದರು.

"ನನಗ ಯಾರೂ ಹೇಳಲಿಲ್ರಿ. ಅದಕ್ಕ ನಿಮಗ ಹೇಳಾಕತ್ತೀನಿ."

ನಾನು ಮಗನನ್ನು ಅವರ ಕೈಗೆ ಕೊಟ್ಟೆ. ಅವನನ್ನು ಅವರೇ ಎತ್ತಿಕೊಂಡು ನನ್ನ ಜೊತೆ ಕ್ಲಿನಿಕ್ಕಿಗೆ ಬಂದರು. ಡಾಕ್ಟರರು ಪರೀಕ್ಷಿಸಿ, ಶರಣಮ್ಮ ಹೇಳಿದ್ದು ಸರಿಯಿರಬಹುದು ಎಂದು ನಮ್ಮಿಬ್ಬರ ರಕ್ತ ತೆಗೆಸಿದರು. ಮಗನಿಗೆ ರುಬೆಲ್ಲಾ ಲಸಿಕೆ ಹಾಕಿಸಿದ್ದೀರಾ ಎಂದು ಅವರು ಕೇಳಿದಾಗ ತಲೆ ತಗ್ಗಿಸಿದೆ. ಊರಿಗೆ ಹೋದಾಗ ತಪ್ಪಿದ್ದನ್ನು ಆಮೇಲೆ ಹಾಕಿಸಿರಲಿಲ್ಲ.

ಅಷ್ಟರಲ್ಲಿ ಶರಣಮ್ಮ ಹೊರಗೆ ನಿಂತು ಫೋನ್ ಮಾಡುತ್ತಿದ್ದರು. ಅವರೇ ಕೆಲಸಕ್ಕೆ ಹೋಗುವ, ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯ ಅಶ್ವಿನಿಗೂ ಆಗ ಮೂರು ತಿಂಗಳು. ತವರಿಗೆ ಹೋಗಿದ್ದ ಅವಳು ಅಂದು ಸಂಜೆ ಮರಳುವವಳಿದ್ದಳು. ಬಂದರೆ ಮೊದಲು ಅಪ್ಪಿಕೊಳ್ಳುವುದೇ ಅಥರ್ವನನ್ನು. ಶರಣಮ್ಮ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಅವಳಿಗೆಲ್ಲ ವಿವರಿಸಿ, ಅಲ್ಲೇ ಉಳಿಯುವಂತೆ ಒಪ್ಪಿಸಿದರು.

ವರದಿ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಮಗನಿಗೆ ರುಬೆಲ್ಲಾ ಎಂಬುದು ಖಚಿತವಾಯಿತು. ನನ್ನ ಪುಣ್ಯ, ನನ್ನ ದೇಹದಲ್ಲಿ ಅದನ್ನು ತಡೆಯುವ ಶಕ್ತಿ ಮೊದಲೇ ಇತ್ತು. ತವರಿನಲ್ಲೇ ರಕ್ತಪರೀಕ್ಷೆ ಮಾಡಿಸಿಕೊಂಡ ಅಶ್ವಿನಿಗೆ ಆ ಶಕ್ತಿ ಇರಲಿಲ್ಲ. ಅವಳು ಡಾಕ್ಟರರು ಹೇಳುವವರೆಗೂ ತವರಿನಲ್ಲೇ ಉಳಿದಳು.

ಅಶ್ವಿನಿಯ ಮಗುವಿಗೆ ನಾಲ್ಕು ತಿಂಗಳಾದಾಗ, ಆರೋಗ್ಯವಾಗಿ ಹುಟ್ಟಿದ ನನ್ನ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ನಾನು, ಶರಣಮ್ಮ ಮೇಲೆ ಹೋಗಿದ್ದೆವು. ಶರಣಮ್ಮ ಅಶ್ವಿನಿಯ ಮಗುವಿನ ಹಿಂದೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಮಗು ಥಟ್ಟನೆ ತಿರುಗಿ ನಕ್ಕಿತು. "ಕೇಳಸ್ತೈತಿ," ಎಂದರು ಅವರು, ತಮಗೇ ಹೇಳಿಕೊಳ್ಳುವಂತೆ. ಮತ್ತೊಮ್ಮೆ ತಟ್ಟಿದರು.

ತನಗೆ ದಕ್ಕದೇ ಹೋದದ್ದು ಇನ್ನೊಬ್ಬರಿಗೆ ದಕ್ಕಿದಾಗ ಹೀಗೆ ಸಂತೋಷಪಡಲು ಎಷ್ಟು ದೊಡ್ಡ ಮನಸ್ಸು ಬೇಕು! ಅಂದು ಅವರ ಮೇಲೆ ಸಿಟ್ಟಾದದ್ದು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.