ಸಾವಧಾನ ಎಂದಾಗ ನಾನು ಬೇವಿನ ಗಿಡದ ಮೇಲಿದ್ದೆ

ಮದುವೆಯ ಫೋಟೊ ತೆಗೆಯುವವರಿಗೆ ನಾಚಿಕೆ ಇರಬಾರದು. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ಹೆಂಗಸು ಹೇಳುತ್ತಿದ್ದೇನೆ, ಕೇಳಿ. ಖಟಕ ಚಿಂಚೋಳಿಯ ಒಂದು ಮೆರವಣಿಗೆಯಲ್ಲಿ ಮದುಮಗನ ಕುದುರೆಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಹೋಗಿ, ದನ ನೀರು ಕುಡಿಯುವ ತೊಟ್ಟಿಯಲ್ಲಿ ದೊಪ್ಪನೆ ಕುಳಿತುಬಿಟ್ಟೆ. ಕ್ಯಾಮೆರಾ ಮಾತ್ರ ಮೇಲೆತ್ತಿ ಹಿಡಿದಿದ್ದೆ, ಅದಕ್ಕೊಂದು ಹನಿಯೂ ತಾಗಲಿಲ್ಲ. ಅಲ್ಲಿಯತನಕ ಮುಖ ಗಂಟಿಕ್ಕಿಕೊಂಡಿದ್ದ ಮದುಮಗ ಬಿದ್ದು ಬಿದ್ದು ನಕ್ಕ. ಆ ನಗುವನ್ನು ತೊಟ್ಟಿಯಲ್ಲಿ ಕುಳಿತೇ ತೆಗೆದೆ. ಭಾಲ್ಕಿಯ ಮನೆಗೆ ಒದ್ದೆ ಬಟ್ಟೆಯಲ್ಲಿ ಹೋದಾಗ ನನ್ನ ಗಂಡ, "ಮದಿವಿಗಿ ಹೋಗಿದ್ದೋ, ಈಸಾಡ್ಲಿಕ್ಕ ಹೋಗಿದ್ದೋ?" ಎಂದರು. ಫೋಟೊ ತೋರಿಸಿದ ಮೇಲೆ ತಾವೂ ನಕ್ಕರು.

ಡಾಬಕಾದ ಮದುವೆಯ ಮಾತು ಬೇರೆ. ಔರಾದ ದಾಟಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವ ಊರದು. ನಾನು ಹೋದ ಮನೆಯಲ್ಲೊಂದು ಪದ್ಧತಿ: ಮಗಳ ಮೇಲೆ ಅಕ್ಕಿಕಾಳು ಬೀಳುವುದನ್ನು ಹಡೆದವಳು ನೋಡಬಾರದು. ವಧು-ವರರ ನಡುವೆ ಅಂತರಪಟ ಹಿಡಿದು ಮಂಗಲಾಷ್ಟಕ ಶುರುವಾದರೆ ತಾಯಿ ಎದ್ದು ಗೋಡೆಯ ಆಚೆಯ ಹಿತ್ತಲಿಗೆ ಹೋಗಿ, ತುಳಸಿಗೆ ನೀರು ಹಾಕುತ್ತ ನಿಲ್ಲಬೇಕು. ತಾಯಿಯ ದೃಷ್ಟಿಯೇ ಮೊದಲು ತಾಗುತ್ತದಂತೆ. ನನಗೆ ಕೆಟ್ಟ ಸಿಟ್ಟು ಬಂತು. ಹೊತ್ತು ಹೆತ್ತವರು ಅವರು, ಕಣ್ಣು ತುಂಬ ನೋಡುವ ಹೊತ್ತಿಗೆ ಗೋಡೆಯ ಆಚೆಗೆ! ಆದರೆ ಮನೆ ಅವರದು, ಪದ್ಧತಿ ಅವರದು. ತುಟಿ ಕಚ್ಚಿಕೊಂಡು ಲೈಟು ಹೊಂದಿಸುತ್ತಿದ್ದೆ.

ಬೆಳಿಗ್ಗೆ ಅರಿಶಿನದ ಕೈಯಲ್ಲೇ ಆ ತಾಯಿ ನನ್ನನ್ನು ಮೂಲೆಗೆ ಕರೆದರು. "ಬಾಯಾರ, ಅಂತರಪಟ ಜಾರಿದ ಕೂಡ್ಲೆ ನನ್ನ ಮಗಳ ಮಾರಿ ಹ್ಯಾಂಗ ಕಾಣ್ತದ, ಅದೊಂದು ನನಗ ತೋರಸ್ರಿ. ಬ್ಯಾರೆ ಏನೂ ತೆಗೀಲಿಲ್ಲಂದ್ರೂ ನಡೀತದ."

"ಫಿಕರ್ ಮಾಡಬ್ಯಾಡ್ರಿ ಅಕ್ಕಾರ," ಎಂದುಬಿಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಮುಂದು.

ಡ್ರೋನ್ ಹಾರಿಸಿ ನೋಡಿದೆ. ಅಂಗಳದಲ್ಲಿದ್ದವರೆಲ್ಲ, ಭಟ್ಟರೂ ಸೇರಿ, ಬಾಯಿ ತೆರೆದು ಮೇಲೆ ನೋಡತೊಡಗಿದರು. ಅಂಥ ಫೋಟೊ ಯಾರಿಗೆ ಬೇಕು? ಇಳಿಸಿಟ್ಟೆ. ಮಂಗಲಾಷ್ಟಕ ಶುರುವಾದದ್ದೇ ತಡ, ನೆಂಟರೆಲ್ಲ ಮೊಬೈಲ್ ಎತ್ತಿಕೊಂಡು ಜೋಡಿಯ ಸುತ್ತ ಕೋಟೆ ಕಟ್ಟಿದರು. "ಜರಾ ಸರೀರಿ, ಸರೀರಿ," ಎಂದು ಬಡಕೊಂಡೆ. ಯಾರು ಕೇಳುತ್ತಾರೆ? ಎಂಟು ಪದ್ಯಗಳಲ್ಲಿ ನಾಲ್ಕು ಮುಗಿದಿದ್ದವು. ಎಂಟನೆಯದರ ಕೊನೆಗೆ ಪರದೆ ಜಾರುತ್ತದೆ, ಆಮೇಲೆ ಅದನ್ನು ಇನ್ನೊಮ್ಮೆ ಹಿಡಿಯುವುದಿಲ್ಲ.

ಅಂಗಳದ ಅಂಚಿಗೆ, ಹಿತ್ತಲಿನ ಗೋಡೆಗೆ ಹತ್ತಿಕೊಂಡು ಒಂದು ಬೇವಿನ ಗಿಡವಿತ್ತು. ಟೊಂಗೆ ಅಡ್ಡ ಬರುತ್ತದೆಂದು ಪೆಂಡಾಲದವರು ಆ ಮೂಲೆಗೆ ಬಟ್ಟೆ ಕಟ್ಟಿರಲಿಲ್ಲ. ಚಪ್ಪಲಿ ಬಿಟ್ಟೆ, ಓಢಣಿ ಸೊಂಟಕ್ಕೆ ಬಿಗಿದೆ, ಏರಿದೆ.

ಕೆಳಗಿನಿಂದ ಒಬ್ಬ ಬಿಳಿಮೀಸೆಯ ಮುತ್ಯಾ ಕೂಗಿದರು: "ಏ ತಂಗೀ, ಕೈಕಾಲು ಮುರ್ಕೊಂಡ್ರ ನಿನ್ನ ಯಾರ ಲಗ್ನ ಆಗ್ತಾರ?"

"ನಂದು ಲಗ್ನ ಆಗಿ ಎರಡು ಮಕ್ಕಳವ ರೀ ಮುತ್ಯಾ!"

"ಹಾಂಗಾದ್ರ ಏರು, ಏರು!"

ಟೊಂಗೆಯ ಮೇಲೆ ಹೊಟ್ಟೆ ಊರಿ ಮಲಗಿ ಕಣ್ಣಿಗೆ ಕ್ಯಾಮೆರಾ ಹಚ್ಚಿದ ಮೇಲೆ ಗೊತ್ತಾಯಿತು, ಗುಂಪಿನ ಫೋಟೊಗಳಿಗೆಂದು ಹಾಕಿದ ಅಗಲದ ಲೆನ್ಸ್ ಹಾಗೇ ಇದೆ. ಮುಖವನ್ನು ಹತ್ತಿರಕ್ಕೆ ತರುವ ಉದ್ದನೆಯ ಲೆನ್ಸ್ ಕೆಳಗೆ ಬ್ಯಾಗಿನಲ್ಲಿತ್ತು. ಥೂ ನನ್ನ ಬುದ್ಧಿಗಿಷ್ಟು ಎಂದುಕೊಂಡೆ. ಇಳಿದು ಬರಲು ಹೊತ್ತಿರಲಿಲ್ಲ. ಇರುವೆಗಳು ಮೊಣಕೈ ಕಚ್ಚುತ್ತಿದ್ದವು, ಟೊಂಗೆ ಕಿರ್ರೆನ್ನುತ್ತಿತ್ತು. ಪ್ರತಿ ಪದ್ಯದ ಕೊನೆಗೆ ಭಟ್ಟರು "ಸಾವಧಾನ" ಎಂದು ಎಳೆದು ಹೇಳುತ್ತಿದ್ದರು. ಇಷ್ಟು ವರ್ಷ ಅದನ್ನು ಮದುಮಕ್ಕಳಿಗೆ ಹೇಳುತ್ತಾರೆಂದು ತಿಳಿದಿದ್ದೆ. ಅವತ್ತು ನನಗೇ ಹೇಳಿದ ಹಾಗಿತ್ತು.

ಕೊನೆಯ ಸಾವಧಾನ. ಅಂತರಪಟ ಜಾರಿತು, ಅಕ್ಕಿಕಾಳು ಹಾರಿದವು, ಒತ್ತಿದೆ. ಒಂದೇ ಒಂದು ಚಿತ್ರ ಬಂತು. ಅಷ್ಟರಲ್ಲಿ ಟೊಂಗೆ ಬಾಗಿ ನಾನು ಗೋಡೆಯ ಮೇಲೆ ಬಂದು ಬಿದ್ದೆ. ಮೊಣಕಾಲು ತರಚಿತು, ಕ್ಯಾಮೆರಾ ಎದೆಯ ಮೇಲೆ ಕ್ಷೇಮವಾಗಿತ್ತು.

ಕುಂಟುತ್ತ ಹಿತ್ತಲಿಗೆ ಹೋದೆ. ತಾಯಿ ಖಾಲಿ ತಂಬಿಗೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಅವರ ಅತ್ತೆ. "ಮಾರಿ ಸಣ್ಣದು ಬಂದದ ರೀ ಅಕ್ಕಾರ, ತಪ್ಪು ನಂದೇ," ಎಂದು ಗುಂಡಿ ಒತ್ತಿ ದೊಡ್ಡದು ಮಾಡಿ ತೋರಿಸಿದೆ. ರೆಪ್ಪೆಯ ಮೇಲೊಂದು ಅಕ್ಕಿಕಾಳು, ಕಣ್ಣು ಮುಚ್ಚಿ ನಗುತ್ತಿದ್ದಳು ಹುಡುಗಿ. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ನನಗೆ ಕಾಲಿನ ಉರಿ ಮರೆತೇಹೋಯಿತು.

ಮತ್ತೆ ಇಡೀ ಚಿತ್ರಕ್ಕೆ ಬಂದೆ. ಆ ಅಗಲದ ಲೆನ್ಸ್ ಮಂಟಪ, ಜನ, ಗೋಡೆ, ಎಲ್ಲವನ್ನೂ ಬಾಚಿಕೊಂಡಿತ್ತು. ಅವರು ಕ್ಯಾಮೆರಾವನ್ನು ಮುಖಕ್ಕೆ ಹತ್ತಿರ ಹಿಡಿದರು.

"ಈ ಗ್ವಾಡಿ ಆಚಿಗಿ ಇರೋದು ಯಾರ್ ರೀ ಬಾಯಾರ? ಹಸರ ಸೀರಿ?"

ಅಲ್ಲಿಯವರೆಗೆ ನಾನೂ ಗಮನಿಸಿರಲಿಲ್ಲ. ಗೋಡೆಯ ಈಚೆ ಅಕ್ಕಿಕಾಳಿನ ಕೆಳಗೆ ಮಗಳು. ಆಚೆ ಬೆನ್ನು ತಿರುಗಿಸಿ, ತಲೆ ತಗ್ಗಿಸಿ, ತುಳಸಿಗೆ ನೀರು ಹಾಕುತ್ತಿರುವ ತಾಯಿ. ಇಬ್ಬರೂ ಒಂದೇ ಫೋಟೊದಲ್ಲಿದ್ದರು.

ಅವರು ಅತ್ತೆಯ ಕೈ ಹಿಡಿದು ಜಗ್ಗಿದರು. "ಅತ್ತಿ, ಬರ್ರಿ ಇಲ್ಲಿ, ನೋಡ್ರಿ. ನಾ ತಿರುಗಿ ನೋಡಿಲ್ರಿ. ಖರೆ ಇದ್ದೆ, ನನ್ನ ಮಗಳ ಮದಿವ್ಯಾಗ ನಾನೂ ಇದ್ದೆ!"